ಆಚೆದಿಟ್ಟಿನ ಅರ್ಜಿಗಳು

ಜುಲೈ ತಿಂಗಳ ಕಿರುಪರೀಕ್ಷೆಯಲ್ಲಿ ನಮ್ಮ ಏಳನೇ ತರಗತಿಯ ಮಕ್ಕಳೆಲ್ಲರ ಅಕ್ಕಂದಿರಿಗೂ ಒಂದೇ ದಿನ ಮದುವೆಯಾಗಿತ್ತು. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ ಎಂಬ ಪ್ರಶ್ನೆಗೆ ಇಡೀ ತರಗತಿ ಗೈಡಿನಲ್ಲಿದ್ದ ಪತ್ರವನ್ನೇ ಇಳಿಸಿತ್ತು. ಮನೆಗೆ ಮೊದಲ ಮಗುವಾದ ಒಬ್ಬ ಹುಡುಗನನ್ನು ಕರೆದು, "ನಿನಗೆ ಅಕ್ಕ ಎಲ್ಲಿದ್ದಾಳೋ?" ಎಂದೆ.

"ನಂಗಿಲ್ಲ ಮಿಸ್. ಗೈಡ್‌ನಲ್ಲವ್ಳೆ."

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಸಂಜೆ ತಿ. ನರಸೀಪುರಕ್ಕೆ ಹೋಗುವ ಬಸ್ಸಿಗಾಗಿ ಹೊಳೆದಂಡೆಯ ರಸ್ತೆಯಲ್ಲಿ ಕಾಯುತ್ತ ನಿಂತಾಗ ಆ ನಗು ಉಳಿಯಲಿಲ್ಲ. ಈ ಮಕ್ಕಳು ಮುಂದೆ ಪಂಚಾಯ್ತಿಗೆ, ತಾಲ್ಲೂಕು ಕಚೇರಿಗೆ, ಬ್ಯಾಂಕಿಗೆ ಕಾಗದ ಬರೆಯಬೇಕಾದವರು. ತಮಗೆ ಬೇಕಾದದ್ದನ್ನು ಕೊಡುವ ಅಧಿಕಾರ ಇನ್ನೊಬ್ಬರ ಕೈಯಲ್ಲಿದ್ದಾಗ ಆ ಇನ್ನೊಬ್ಬರ ಮನಸ್ಸನ್ನು ನಾಲ್ಕು ಸಾಲಿನಲ್ಲಿ ಹೇಗೆ ಒಲಿಸಿಕೊಳ್ಳಬೇಕು ಎಂಬುದನ್ನು ಯಾವ ಗೈಡೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಶಾಲೆ ನರಸೀಪುರದಿಂದ ತಲಕಾಡಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು. ಹಿಂದುಗಡೆ ಕಿಟಕಿಯಿಂದ ಕಾವೇರಿ ಕಾಣುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ನಡುಹೊಳೆಯಲ್ಲಿ ಒಂದು ಮರಳದಿಟ್ಟು ಏಳುತ್ತದೆ, ಮಳೆಗಾಲದಲ್ಲಿ ಮುಳುಗುತ್ತದೆ. ಆಗ ಅದು ನೀರಿನಡಿ ಇತ್ತು. ಒಂದು ಸೋಮವಾರ ಮಕ್ಕಳನ್ನು ಕಿಟಕಿಯ ಹತ್ತಿರ ಕರೆದು, "ಆ ದಿಟ್ಟು ಮುಳುಗಿಲ್ಲ ಅಂದುಕೊಳ್ಳಿ. ಅದು ದೊಡ್ಡದಾಗಿದೆ. ಅಲ್ಲೊಂದು ನಾಡಿದೆ. ಅಲ್ಲಿ ಯಾರಿದ್ದಾರೆ, ಏನಿದೆ, ನೀವೇ ಹೇಳಬೇಕು" ಎಂದೆ.

ಮೊದಲ ವಾರ ಬರೀ ಗಲಾಟೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ಅಂಟಿಸಿ ನಕ್ಷೆ ಬರೆದೆವು. ಆಚೆದಿಟ್ಟು ಎಂದು ಹೆಸರಿಟ್ಟರು. ಗುಡ್ಡ ಬಂತು, ಹಲಸಿನ ಕಾಡು ಬಂತು, ಮಾತಾಡುವ ಮೊಸಳೆ ಬಂತು. ನಾನು ಹಾಕಿದ ಕಟ್ಟಳೆ ಎರಡೇ. ದಿಟ್ಟಿಗೆ ಹೋಗಿಬರಲು ಒಂದೇ ದೋಣಿ. ರಾಜ ಇಲ್ಲ; ಏನಾದರೂ ಬದಲಾಗಬೇಕಾದರೆ ಅರ್ಜಿ ಬರೆದು ಮೂವರು 'ಕೇಳುವವರನ್ನು' ಒಪ್ಪಿಸಬೇಕು. ಆ ಮೂವರನ್ನು ವಾರಕ್ಕೊಮ್ಮೆ ಚೀಟಿ ಎತ್ತಿ ಆರಿಸುತ್ತಿದ್ದೆವು. ಅವರು ಒಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆವು. ಅದು ದಿಟ್ಟಿನ ಕಾನೂನು.

ಮೊದಲು ಬಂದ ಅರ್ಜಿಗಳನ್ನು ಓದಿ ನನಗೆ ಬೇಸರವಾಯಿತು. "ನಾನು ಬಡವ, ತಮ್ಮ ಪಾದಕ್ಕೆ ಬೀಳುತ್ತೇನೆ, ದಯಮಾಡಿ ನನಗೆ ಹಲಸಿನ ಮರ ಕೊಡಿ." ಹೆಚ್ಚುಕಡಿಮೆ ಎಲ್ಲವೂ ಹೀಗೆಯೇ. ಅರ್ಜಿ ಎಂದರೆ ಬೇಡುವುದು ಎಂದೇ ಅವರು ತಿಳಿದಿದ್ದರು. ಮನೆಯಲ್ಲಿ ಅಪ್ಪಂದಿರು ಕಚೇರಿಗಳ ಮುಂದೆ ನಿಂತದ್ದನ್ನು ನೋಡಿ ಕಲಿತದ್ದು ಅದು. ಹಾಗಾಗಿ ಬೇಡುವ ಮಾತುಗಳನ್ನೆಲ್ಲ ನಿಷೇಧಿಸಿದೆ. 'ದಯಮಾಡಿ' ಒಂದನ್ನು ಮಾತ್ರ, ಅದೂ ಕೊನೆಯಲ್ಲಿ ಬಳಸಬಹುದು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಕೇಳುವವರಿಗೆ ಯಾವುದರ ಭಯ, ಯಾವುದರ ಆಸೆ ಎಂದು ಯೋಚಿಸಿ. ಗಟ್ಟಿಯಾದ ಕಾರಣವನ್ನು ಕೊನೆಗೆ ಇಡಿ. ಎಲ್ಲಕ್ಕಿಂತ ಕಷ್ಟವಾದದ್ದು ಮುಂದಿನದು: ಎದುರಿನವರು ಏನು ಆಕ್ಷೇಪ ಎತ್ತುತ್ತಾರೋ ಅದನ್ನು ನೀವೇ ಮೊದಲು ಹೇಳಿ, ಉತ್ತರವನ್ನೂ ಕೊಟ್ಟುಬಿಡಿ. ಕೊನೆಗೆ, ಅವರಿಗೆ ಹೆಚ್ಚು ನಷ್ಟವಾಗದ ಒಂದು ದಾರಿ ತೋರಿಸಿ.

"ಎದುರಾಳಿ ಮಾತ ನಾವ್ಯಾಕೆ ಏಳ್ಬೇಕು ಮಿಸ್? ಅವ್ರೇ ಏಳ್ಕಳ್ಳಿ" ಎಂದು ಮಕ್ಕಳು ವಾದಿಸಿದರು. ಇದನ್ನು ಒಪ್ಪಿಸಲು ಎರಡು ವಾರ ಹಿಡಿಯಿತು.

ಆಗಸ್ಟ್ ಮುಗಿಯುವ ಹೊತ್ತಿಗೆ ಬರಹದಲ್ಲಿ ಜೀವ ಕಾಣತೊಡಗಿತು. ಒಬ್ಬಳು ದಿಟ್ಟಿನಲ್ಲಿ ರಾತ್ರಿ ಇನ್ನಷ್ಟು ಉದ್ದವಿರಬೇಕು ಎಂದು ಬರೆದಳು. ಎಲ್ಲರಿಗಿಂತ ಮೊದಲು ಏಳುವ, ಎಲ್ಲರೂ ಮಲಗಿದ ಮೇಲೆ ಮಲಗುವ ಅಮ್ಮಂದಿರಿಗಾಗಿ. ದೋಣಿ ನಡೆಸುವ ಕೆಲಸಕ್ಕೆ ಪೈಪೋಟಿ ಬಿತ್ತು. ಹುಡುಗರು ತಮ್ಮ ಈಜಿನ ಪ್ರತಾಪ ಬರೆದರು. ಗೆದ್ದದ್ದು ಒಬ್ಬ ಲಾರಿ ಡ್ರೈವರ್ ಮಗಳು. ಅವಳು ಬರೆದದ್ದು ಇಷ್ಟೆ: "ನನಗೆ ಈಜು ಬರುವುದಿಲ್ಲ. ಇವಳಿಗೆ ಈಜೇ ಬರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಈಜು ಬರುವವನು ದೋಣಿ ಮುಳುಗಿದರೆ ತಾನು ಈಜಿಕೊಂಡು ಹೋಗುತ್ತಾನೆ. ನಾನು ದೋಣಿ ಮುಳುಗದ ಹಾಗೆ ನೋಡಿಕೊಳ್ಳುತ್ತೇನೆ." ಮೂವರು ಕೇಳುವವರೂ ತಕ್ಷಣ ಕೈಯೆತ್ತಿದರು. ಅಂದಿನಿಂದ ಅವಳು ದೋಣಿಯವಳು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಆ ಪೈಪೋಟಿಯಲ್ಲಿ ಸೋತವರಲ್ಲಿ ಶಾಲಾ ಸಮಿತಿ ಅಧ್ಯಕ್ಷರ ಮೊಮ್ಮಗಳೂ ಇದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ದೋಣಿಯವಳ ಪಕ್ಕದಲ್ಲೇ ಕೂರುತ್ತಿದ್ದವಳು, ಅವಳ ಗೆಳತಿ. ಸೋತ ಮೇಲೆ ಗೆಳತಿಯ ಅರ್ಜಿಯನ್ನು ಕೇಳಿ ಪಡೆದು, ಮನೆಗೆ ಕೊಂಡೊಯ್ದು ನಕಲು ಮಾಡಿಕೊಂಡು ಬಂದಳು. "ಇದು ಯಾಕೆ ಗೆಲ್ತು ಅಂತ ನೋಡ್ಬೇಕು ಮಿಸ್" ಎಂದಳು. ಅಂಥ ವಿದ್ಯಾರ್ಥಿನಿ ಒಬ್ಬ ಶಿಕ್ಷಕಿಗೆ ಎಷ್ಟು ವರ್ಷಕ್ಕೊಮ್ಮೆ ಸಿಗುತ್ತಾಳೆ?

ದೋಣಿಯವಳ ತಂದೆ ಬೇಸಿಗೆಯಲ್ಲೇ ಲಾರಿ ಬಿಟ್ಟು ಊರಿಗೆ ಬಂದಿದ್ದರು. ಒಮ್ಮೆ ನಾನು ಅವರ ಮನೆ ಮುಂದೆ ಹಾದುಹೋಗುವಾಗ ಜಗಲಿಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಬಿಸಿಲಲ್ಲೂ ಕಂಬಳಿ ಹೊದ್ದಿದ್ದರು. ಕೆನ್ನೆಯ ಮೂಳೆಗಳೇ ಮುಖವಾಗಿದ್ದವು. ದಸರಾ ರಜೆಯಲ್ಲಿ ತೀರಿಕೊಂಡರು.

ರಜೆ ಮುಗಿದು ಶಾಲೆ ತೆರೆದಾಗ ಅವಳು ಬಂದಳು. ಎಂದಿನ ಜಾಗದಲ್ಲಿ ಚಾಪೆಯ ಮೇಲೆ ಕೂತಳು. ಪಕ್ಕದವರು ಒಂದಿಷ್ಟು ಸರಿದರು. ಸೂತಕವೆಂದು ಹೀಗೆ ಮಾಡುತ್ತಿರಬಹುದು ಎಂದುಕೊಂಡೆ. ಬಿಸಿಯೂಟ ಶುರುವಾದ ಹೊಸತು. ಮಧ್ಯಾಹ್ನ ಊಟದ ಸಾಲಿನಲ್ಲಿ ಅವಳ ಎರಡೂ ಬದಿ ಖಾಲಿ ಇತ್ತು. ಅವಳು ನೀರು ಕುಡಿದ ಲೋಟವನ್ನು ಯಾರೋ ಕಡ್ಡಿಯಿಂದ ಪಕ್ಕಕ್ಕೆ ತಳ್ಳಿದರು.

ಆ ವಾರ ಬಂದ ಒಂದು ಅರ್ಜಿಯ ವಿಷಯ: ದೋಣಿ ನಡೆಸುವವರನ್ನು ಬದಲಾಯಿಸುವ ಬಗ್ಗೆ. ಬರೆದವಳು ಅಧ್ಯಕ್ಷರ ಮೊಮ್ಮಗಳು. ನಿಯಮದ ಪ್ರಕಾರ ಅರ್ಜಿಯನ್ನು ಬರೆದವರೇ ಎದ್ದು ನಿಂತು ಓದಬೇಕು. ನಾನು ಮೊದಲೇ ನೋಡಿರಲಿಲ್ಲ. ಅವಳು ಓದಿದಳು:

"ನಮ್ಮ ದೋಣಿಯವಳು ಒಳ್ಳೆಯವಳು ಎಂದು ನೀವು ಹೇಳುತ್ತೀರಿ. ನಾನೂ ಒಪ್ಪುತ್ತೇನೆ. ಆದರೆ ಒಳ್ಳೆಯವರಿಗೂ ಕಾಯಿಲೆ ಬರುತ್ತದೆ. ಹುಟ್ಟು ಹಿಡಿಯುವ ಕೈಯಲ್ಲಿ ಕಾಯಿಲೆ ಇದ್ದರೆ ಅದು ದೋಣಿ ಹತ್ತಿದವರಿಗೆಲ್ಲ ಬರುತ್ತದೆ. ಅವಳಿಗೆ ಈಚೆ ದಡದಲ್ಲೇ ಒಂದು ಮನೆ ಕಟ್ಟಿಕೊಡೋಣ. ದಿನಾ ಊಟ ಕಳಿಸೋಣ. ದಯಮಾಡಿ ಅವಳನ್ನು ದಿಟ್ಟಿಗೆ ಬಿಡಬೇಡಿ."

ಕೇಳುವವರು ಮೂವರೂ ಕೈಯೆತ್ತಿದರು. ಒಬ್ಬ ಹುಡುಗ ಕೆಂಪು ಶಾಯಿಯ ಪೆನ್ನು ತರಲು ಎದ್ದ.

"ಕೂತ್ಕೋ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಯಾವ ಕಾಯಿಲೆ? ಯಾರು ಹೇಳಿದ್ದು?"

ಹಿಂದಿನಿಂದ ಒಬ್ಬ, "ಎಲ್ರೂ ಅಂತಾರೆ ಮಿಸ್. ಅವ್ರಪ್ಪಂಗೆ ಏಡ್ಸ್ ಇತ್ತಂತೆ. ಅವ್ರಮ್ಮಂಗೂ ಐತಂತೆ" ಎಂದ.

ದೋಣಿಯವಳು ತಲೆ ಎತ್ತಿಯೇ ಇದ್ದಳು. "ಮಿಸ್, ನಾನು ಉತ್ರ ಬರೀಬೋದಾ?" ಎಂದಳು.

"ಬರಿ" ಎಂದೆ. "ನಾಳೆ ಓದು. ಅಲ್ಲೀವರೆಗೆ ಯಾವ ತೀರ್ಮಾನವೂ ಇಲ್ಲ."

ಮಾರನೆಯ ದಿನ ಅವಳು ಬರಲಿಲ್ಲ. ಹಿಂದಿನ ಸಂಜೆ ಕೊಳಾಯಿಯ ಹತ್ತಿರ ಅವಳ ಬಿಂದಿಗೆಯನ್ನು ಯಾರೋ ಉರುಳಿಸಿದ್ದರಂತೆ. ನಾನು ಆ ದಿನ ಪಾಠ ಬದಿಗಿಟ್ಟು ಈ ಕಾಯಿಲೆ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ಮುಟ್ಟಿದರೆ ಬರುವುದಿಲ್ಲ, ಒಟ್ಟಿಗೆ ಉಂಡರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ. ಮಕ್ಕಳು ಪರೀಕ್ಷೆಗೆ ಬರುವ ಪಾಠದಂತೆ ಗಮನವಿಟ್ಟು ಕೇಳಿದರು. ಪ್ರಶ್ನೆ ಕೇಳಿದರೆ ಸರಿಯುತ್ತರ ಕೊಟ್ಟರು. ಮೂರನೆಯ ದಿನ ಅವಳು ಮತ್ತೆ ಬಂದಾಗ ಅದೇ ಮಕ್ಕಳು ಮತ್ತೆ ಸರಿದು ಕೂತರು. ಅವಳು ಉತ್ತರ ಬರೆದು ತಂದಿರಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಮೊದಲು ಊಟಕ್ಕೆ ಮಕ್ಕಳು ಮನೆಗೆ ಹೋಗತೊಡಗಿದರು. ನಂತರ ಕೆಲವರು ಶಾಲೆಗೇ ಬರಲಿಲ್ಲ. ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಬಾಗಿಲು ಮುಚ್ಚಿದರು. ಕೆಟ್ಟವರಲ್ಲ. ಎರಡು ಕೊಠಡಿಗಳನ್ನು ಊರವರ ಕೈಕಾಲು ಹಿಡಿದು ಕಟ್ಟಿಸಿದ ಮನುಷ್ಯ. ಮೇಜಿನ ಮೇಲಿದ್ದ ಕಾಗದವನ್ನು ನನ್ನ ಕಡೆ ಸರಿಸಿದರು.

"ಓದಿ ಮೇಡಂ. ಊರೋರು ಕೊಟ್ಟಿರೋ ಅರ್ಜಿ."

ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು. ಮೇಲೆ ಅಚ್ಚುಕಟ್ಟಾದ ದೊಡ್ಡವರ ಕೈಬರಹ. ಯಾರೋ ನಕಲು ಮಾಡಿಸಿದ್ದರು. ಆದರೆ ಎರಡನೆಯ ಸಾಲಿಗೇ ನನ್ನ ಕಣ್ಣು ನಿಂತಿತು. "ನಾವು ಯಾರ ಮೇಲೂ ದ್ವೇಷದಿಂದ ಈ ಅರ್ಜಿ ಬರೆಯುತ್ತಿಲ್ಲ. ಆ ಮಗುವೂ ಓದಬೇಕಲ್ಲವೇ ಎಂದು ತಾವು ಕೇಳಬಹುದು. ಖಂಡಿತ ಓದಬೇಕು." ಮುಂದೆ ಕಾರಣಗಳಿದ್ದವು, ಸಣ್ಣದು ಮೊದಲು, ದೊಡ್ಡದು ಕೊನೆಗೆ. ಕೊನೆಯ ಕಾರಣ ಮುಖ್ಯೋಪಾಧ್ಯಾಯರ ಎದೆಗೇ ಗುರಿಯಿಟ್ಟದ್ದು: ನಮ್ಮ ಮಕ್ಕಳನ್ನು ನರಸೀಪುರದ ಕಾನ್ವೆಂಟ್ ವ್ಯಾನಿಗೆ ಹತ್ತಿಸಬೇಕಾಗುತ್ತದೆ, ಆಗ ತಾವು ಕಷ್ಟಪಟ್ಟು ಕಟ್ಟಿಸಿದ ಕೊಠಡಿಗಳು ಖಾಲಿ ಬೀಳುತ್ತವೆ. ಕೊನೆಗೊಂದು ಸುಲಭದ ದಾರಿ: ಆ ಹುಡುಗಿ ಮನೆಯಲ್ಲೇ ಓದಲಿ, ಪುಸ್ತಕ ನಾವು ಕೊಡಿಸುತ್ತೇವೆ, ಪರೀಕ್ಷೆಗೆ ಮಾತ್ರ ಬರಲಿ. 'ದಯಮಾಡಿ' ಎಂಬ ಮಾತು ಒಂದೇ ಸಲ, ಕೊನೆಯ ಸಾಲಿನಲ್ಲಿತ್ತು.

ನಾನು ಕಾಗದ ಕೆಳಗಿಟ್ಟೆ.

"ನಮ್ಮೂರೋರು ಇಷ್ಟು ಚೆನ್ನಾಗಿ ಬರೆದಿದ್ದನ್ನ ನಾನು ನೋಡೇ ಇಲ್ಲ" ಎಂದರು ಮುಖ್ಯೋಪಾಧ್ಯಾಯರು. ಅವರಿಗೆ ಏನೂ ಗೊತ್ತಿರಲಿಲ್ಲ. "ಏನ್ಮಾಡೋದು ಹೇಳಿ. ಮಕ್ಕಳು ಕಡಿಮೆಯಾದ್ರೆ ಒಂದು ಪೋಸ್ಟ್ ಹೋಗುತ್ತೆ. ಹೋಗೋದು ಕೊನೇಲಿ ಬಂದೋರ್ದು. ಅಂದ್ರೆ ನಿಮ್ಮದೇ."

ಆ ಮಧ್ಯಾಹ್ನ ಅಧ್ಯಕ್ಷರ ಮೊಮ್ಮಗಳನ್ನು ಹಿಂದಿನ ಜಗಲಿಗೆ ಕರೆದೆ. ಗದರುವ ಮನಸ್ಸಿನಿಂದಲೇ ಕರೆದದ್ದು. "ಊರಿನ ಅರ್ಜಿ ಬರೆದದ್ದು ಯಾರು?" ಎಂದೆ.

ಅವಳು ಮುಚ್ಚಿಡಲಿಲ್ಲ. "ಏನ್ ಬರೀಬೇಕು ಅಂತ ತಾತ ಏಳುದ್ರು ಮಿಸ್. ಅವ್ರು ಬರೀ ಬೈಯ್ತಾ ಇದ್ರು. ಹಂಗೆ ಬರುದ್ರೆ ಎಡ್ಮಾಸ್ಟ್ರು ಒಪ್ಪಲ್ಲ ತಾತ ಅಂದೆ. ಆಮೇಲೆ ನಾನೇ ಜೋಡ್ಸಿ ಬರ್ದೆ. ನಮ್ಮಾವ ನಕಲು ಮಾಡುದ್ರು." ಒಂದು ಕ್ಷಣ ನನ್ನ ಮುಖ ನೋಡಿದಳು. "ಚೆನ್ನಾಗಿತ್ತಾ ಮಿಸ್?"

ಗದರಲು ಬಂದವಳು ನಾನು. ಎದುರಿಗಿದ್ದದ್ದು ಹನ್ನೆರಡು ವರ್ಷದ ಮಗು, ಮಾಡಿದ ಕೆಲಸವನ್ನು ಮೇಷ್ಟ್ರಿಗೆ ತೋರಿಸಿ ಕಾಯುತ್ತಿರುವ ಮಗು.

"ಚೆನ್ನಾಗಿತ್ತು" ಎಂದೆ. ಸುಳ್ಳು ಹೇಳಲು ಆಗಲಿಲ್ಲ. "ಆದರೆ ಅದರಿಂದ ನಿನ್ನ ಗೆಳತಿಗೆ ಏನಾಗುತ್ತೆ ಅಂತ ಯೋಚಿಸಿದೆಯಾ?"

"ಯೋಚಿಸ್ದೆ. ಅದಕ್ಕೇ ಪುಸ್ತಕ ಕೊಡ್ಸೋದು ಸೇರಿಸ್ದೆ. ತಾತ ಅದನ್ನೂ ಬ್ಯಾಡ ಅಂದಿದ್ರು." ಅವಳ ಕಣ್ಣು ತುಂಬಿತು. "ನಂಗೂ ಭಯ ಆಯ್ತದೆ ಮಿಸ್. ಅವ್ಳ ಜೊತೆ ಒಂದೇ ಡಬ್ಬೀಲಿ ಉಂಡಿದೀನಿ. ಯಾರ್ಗೂ ಏಳಿಲ್ಲ."

"ಈಗ ಇದಕ್ಕೆ ಎದುರು ಒಂದು ಅರ್ಜಿ ಬರೀತೀಯಾ? ದಿಟ್ಟಿನ ನಿಯಮದ ಹಾಗೆ?"

ಅವಳು ತಲೆ ಅಲ್ಲಾಡಿಸಿದಳು. "ಅದು ಆಟದ್ದಲ್ವಾ ಮಿಸ್. ಇದು ನಿಜದ್ದು. ತಾತ ಒಡೀತಾರೆ."

ಆ ಮಗುವಿನ ಮೇಲೆ ಈ ಭಾರ ಹೊರಿಸಬಾರದೆಂದು ಅಲ್ಲೇ ತೀರ್ಮಾನಿಸಿದೆ. ಉತ್ತರ ನಾನೇ ಬರೆಯಬೇಕು. ಅಷ್ಟು ತಿಂಗಳು ಬರೆಸಿದ್ದೆನೇ ಹೊರತು ನಾನು ಒಂದು ಅರ್ಜಿಯನ್ನೂ ಬರೆದಿರಲಿಲ್ಲ.

ಸಮಿತಿಯ ಸಭೆಗೆ ವಾರವಿತ್ತು. ಶಾಲೆ ಬಿಟ್ಟ ಮೇಲೆ ಬಸ್ಸು ತಪ್ಪಿಸಿಕೊಂಡು ಮನೆ ಮನೆಗೆ ಹೋದೆ. ವಾದಿಸಲಿಲ್ಲ, ಅವರಿಗೆ ಯಾವುದರ ಭಯ ಎಂದು ಕೇಳಿ ತಿಳಿದುಕೊಂಡೆ. ಸೊಳ್ಳೆ ಕಚ್ಚಿದರೆ ಬರುತ್ತದಂತಲ್ಲ ಎಂದರು. ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ರಕ್ತ ತಗುಲಿದರೆ ಎಂದರು. ಅಂಥ ಶಾಲೆಯಲ್ಲಿ ಓದಿದವಳು ಎಂದರೆ ನಾಳೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ ಎಂದರು. ಒಂದೊಂದಕ್ಕೂ ಉತ್ತರ ಬರೆದೆ. ಆರೋಗ್ಯ ಕೇಂದ್ರದ ಸಿಸ್ಟರನ್ನು ಕಂಡು ಸಭೆಗೆ ಬರುವಂತೆ ಒಪ್ಪಿಸಿದೆ. ಬರೆದದ್ದನ್ನು ಹರಿದು ಮತ್ತೆ ಬರೆದೆ. ಮಕ್ಕಳಿಗೆ ಹೇಳಿದ್ದ ಒಂದೊಂದು ಮೆಟ್ಟಿಲನ್ನೂ ಬಿಡದೆ ಹತ್ತಿದೆ.

ಸಭೆ ದೊಡ್ಡ ಕೊಠಡಿಯಲ್ಲಿ ನಡೆಯಿತು. ಗಂಡಸರು ಚಾಪೆಯ ಮೇಲೆ, ಹೆಂಗಸರು ಬಾಗಿಲ ಬಳಿ. ದೋಣಿಯವಳ ತಾಯಿ ಹೊರಗೆ ಹುಣಸೆಮರದ ಕೆಳಗೆ ನಿಂತಿದ್ದರು. ಒಳಗೆ ಬನ್ನಿ ಎಂದು ಕರೆದರೂ ಬರಲಿಲ್ಲ. ಸಿಸ್ಟರ್ ಹತ್ತು ನಿಮಿಷ ಮಾತಾಡಿದರು. ಜನ ಸುಮ್ಮನೆ ಕೇಳಿದರು.

ಅಧ್ಯಕ್ಷರು ವಯಸ್ಸಾದವರು, ಮಾತಿನಲ್ಲಿ ಮರ್ಯಾದೆ ಇದ್ದವರು. "ನಮ್ಗೇನೂ ದ್ವೇಸ ಇಲ್ಲ ಮೇಡಮ್ಮಾ. ಗಂಡನ್ನ ಕಳ್ಕೊಂಡ ಎಣ್ಣುಮಗ್ಳು, ನಮ್ಗೂ ಅಯ್ಯೋ ಅನ್ನುಸ್ತದೆ. ಆದ್ರೆ ನಮ್ಮ ಮಕ್ಳ ಮುಖ ನೋಡ್ಬೇಕಲ್ಲ. ನೀವೇನೋ ಬರ್ಕ ಬಂದಿದ್ದೀರಂತೆ, ಓದಿ" ಎಂದರು.

ಓದಿದೆ. ಸೊಳ್ಳೆಯ ಮಾತಿಗೆ ಬಂದಾಗ ಇಬ್ಬರು ತಲೆಯಾಡಿಸಿದರು. ಮಂಡಿ ತರಚುವ ಮಾತಿಗೆ, ಶಾಲೆಯಲ್ಲಿ ಹತ್ತಿ, ಔಷಧಿ, ಕೈಗವಸು ಇಡುತ್ತೇವೆ, ಗಾಯವಾದರೆ ನಾನೇ ಕಟ್ಟುತ್ತೇನೆ ಎಂದೆ. ಹೆಂಗಸರ ಕಡೆಯಿಂದ ಯಾರೋ 'ಪಾಪ' ಎಂದದ್ದು ಕೇಳಿಸಿತು. ಕೊನೆಗೆ ನನ್ನ ಗಟ್ಟಿಯಾದ ಕಾರಣವನ್ನು ಇಟ್ಟೆ: ನಾಳೆ ನಮ್ಮ ಮನೆಯಲ್ಲೇ ಯಾರಿಗಾದರೂ ಕಾಯಿಲೆ ಬಂದರೆ, ನಮ್ಮ ಮಗುವನ್ನೂ ಈ ಬಾಗಿಲು ಹೀಗೆಯೇ ಹೊರಗಿಡಬೇಕೆ? ಒಬ್ಬಿಬ್ಬರು ಅಧ್ಯಕ್ಷರ ಮುಖ ನೋಡಿದರು. ಗೆದ್ದೆ ಎಂದೇ ಅನ್ನಿಸಿತು.

ಬಾಗಿಲ ಬಳಿಯಿಂದ ಒಬ್ಬ ತಾಯಿ ಎದ್ದು ನಿಂತರು. ಕಂಕುಳಲ್ಲಿ ಕೂಸು. ಜಗಳದ ದನಿಯೇ ಅಲ್ಲ, ಮೆತ್ತಗೆ ಕೇಳಿದರು: "ನಿಮ್ಮ ಮಗೀನ ಆ ಮಗಿನ ಪಕ್ಕ ಕೂರುಸ್ತೀರಾ ಮಿಸ್?"

"ಕೂರಿಸ್ತೀನಿ" ಎಂದೆ.

"ಎಲ್ಲಿ ಕೂರುಸ್ತೀರಿ? ನಿಮ್ಮ ಮಗ ನರಸೀಪುರದಲ್ಲಿ ಕಾನ್ವೆಂಟ್‌ಗಲ್ವಾ ಓಗೋದು?"

ನನ್ನ ಕೈಯಲ್ಲಿದ್ದ ನಾಲ್ಕು ಪುಟಗಳಲ್ಲಿ ಈ ಆಕ್ಷೇಪ ಇರಲಿಲ್ಲ. ಊರಿನ ಭಯಗಳನ್ನೆಲ್ಲ ಹುಡುಕಿ ಬರೆದಿದ್ದವಳಿಗೆ ಊರು ನನ್ನನ್ನು ಹೇಗೆ ನೋಡುತ್ತದೆ ಎಂಬುದು ಹೊಳೆದಿರಲಿಲ್ಲ. ಆ ತಾಯಿ ನಾನು ಉತ್ತರಿಸಲೆಂದು ನಿಜವಾಗಿಯೂ ಕಾಯುತ್ತಿದ್ದರು. ಆಮೇಲೆ ಅವರೇ ಕೂತರು. ಗಂಡಸರಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು, "ಆಯ್ತು ಮೇಡಮ್ಮಾ, ನಿಮ್ಮ ಮನ್ಸು ದೊಡ್ದು" ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಹೊರಗೆ ಹುಣಸೆಮರದ ಕೆಳಗೆ ದೋಣಿಯವಳ ತಾಯಿ ನನಗಾಗಿ ನಿಂತಿದ್ದರು. ಎಲ್ಲವೂ ಕೇಳಿಸಿತ್ತು.

"ಇನ್ನು ವಾದ ಬ್ಯಾಡ ಮಿಸ್. ಟಿ.ಸಿ. ಕೊಡ್ಸಿ."

"ಸ್ವಲ್ಪ ದಿನ ತಡೀರಿ. ಇನ್ನೊಂದು ಸಲ ಮಾತಾಡ್ತೀನಿ."

"ನೀವು ಮಾತಾಡ್ದಷ್ಟೂ ಎಲ್ರಿಗೂ ಗೊತ್ತಾಯ್ತದೆ. ಮೊದ್ಲು ಈ ಬೀದಿಗೆ ಗೊತ್ತಿತ್ತು, ಈಗ ಮೂರೂರಿಗೆ ಗೊತ್ತಾಗೋಯ್ತು." ಸಿಟ್ಟಿಲ್ಲದೆ ಹೇಳಿದರು. "ನಂಜನಗೂಡಲ್ಲಿ ನಮ್ಮಣ್ಣ ಅವ್ನೆ. ಅಲ್ಲಿಗೋಯ್ತೀವಿ. ನೀವೊಂದು ದಿನ ಜೊತೇಲಿ ಬಂದು ಸ್ಕೂಲಿಗೆ ಸೇರ್ಸಿ ಕೊಡಿ, ಸಾಕು. ನಂಗೆ ಮಾತಾಡಕ್ಕೆ ಬರಲ್ಲ."

ಮುಖ್ಯೋಪಾಧ್ಯಾಯರು ಅಂದೇ ಟಿ.ಸಿ. ಬರೆದುಕೊಟ್ಟರು. ಬಿಡುವ ಕಾರಣ ಎಂಬಲ್ಲಿ 'ಪೋಷಕರ ಕೋರಿಕೆ' ಎಂದು ಬರೆದು, ಬಹಳ ಹೊತ್ತು ಶಾಯಿ ಆರಿಸುತ್ತ ಕೂತರು.

ನರಸೀಪುರದಿಂದ ನಂಜನಗೂಡಿನ ಬಸ್ಸು ಹಿಡಿದೆವು. ದೋಣಿಯವಳು ಕಿಟಕಿಯ ಪಕ್ಕ, ನಡುವೆ ಅವಳ ತಾಯಿ, ಈಚೆಗೆ ನಾನು. ತಾಯಿ ಆಗಾಗ ಸೆರಗಿನಲ್ಲಿ ಕೆಮ್ಮುತ್ತಿದ್ದರು. ದಾರಿಯಲ್ಲಿ ಹದಿನಾರು ಎಂಬ ಊರಿನಲ್ಲಿ ಬಸ್ಸು ತುಂಬಿತು. ಒಬ್ಬ ಹೆಂಗಸು ನಿಲ್ಲಲಾರದೆ ತನ್ನ ಕೂಸನ್ನು ದೋಣಿಯವಳ ತೊಡೆಗೆ ದಾಟಿಸಿದಳು. ಅವಳು ತಾಯಿಯ ಮುಖ ನೋಡಿದಳು. ನಂಜನಗೂಡು ಬರುವವರೆಗೂ ಆ ಕೂಸನ್ನು ಎರಡೂ ಕೈಯಲ್ಲಿ ಗಾಜಿನ ಸಾಮಾನಿನಂತೆ ಹಿಡಿದು ಕೂತಿದ್ದಳು.

ನಾನು ದಾರಿಯುದ್ದಕ್ಕೂ ಅಲ್ಲಿ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ನಿಜವನ್ನೇ ಹೇಳುವುದೆಂದು ನಿರ್ಧರಿಸಿದ್ದೆ. ಮುಚ್ಚಿಟ್ಟರೆ ಸುದ್ದಿ ಹಿಂಬಾಲಿಸಿ ಬಂದೀತು. ಆಗ ಇನ್ನೂ ಕೆಟ್ಟದಾಗುತ್ತದೆ. ಹುಡುಗಿಗೆ ಕಾಯಿಲೆ ಇದೆಯೋ ಇಲ್ಲವೋ ನನಗೆ ತಿಳಿಯದು, ನಾನು ಕೇಳಲೂ ಇಲ್ಲ. ಇದ್ದರೂ ಓದುವುದಕ್ಕೆ ಅಡ್ಡಿಯಿಲ್ಲ ಎಂದು ಹೇಳುವುದು. ಈ ಸಲ ನನ್ನ ವಾದದಲ್ಲಿ ಬಿರುಕಿರಬಾರದು.

ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಹಾಜರಿ ಪುಸ್ತಕ ನೋಡುತ್ತಿದ್ದರು. ಟಿ.ಸಿ. ತಿರುವಿ ನೋಡಿ, "ವರ್ಷದ ಮಧ್ಯದಲ್ಲಿ ಯಾಕಮ್ಮ ಬಿಡಿಸ್ತಿದ್ದೀರಿ?" ಎಂದು ತಾಯಿಯನ್ನು ಕೇಳಿದರು.

"ಯಜಮಾನ್ರು ತೀರ್ಕೊಂಡ್ರು. ಅಣ್ಣನ ಮನೇಗೆ ಬಂದ್ಬುಟ್ಟೊ" ಎಂದರು ತಾಯಿ.

"ಅಯ್ಯೋ. ಏನಾಗಿತ್ತು?"

ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಅಷ್ಟರಲ್ಲಿ ದೋಣಿಯವಳು ಹೇಳಿದಳು:

"ಆಕ್ಸಿಡೆಂಟ್ ಮಿಸ್. ಲಾರಿ ಓಡುಸ್ತಿದ್ರು."

ಮುಖ್ಯೋಪಾಧ್ಯಾಯಿನಿ ನನ್ನತ್ತ ನೋಡಿದರು, ಒಬ್ಬ ಶಿಕ್ಷಕಿ ಇನ್ನೊಬ್ಬ ಶಿಕ್ಷಕಿಯನ್ನು ನೋಡುವಂತೆ. ತಾಯಿ ನೆಲ ನೋಡುತ್ತಿದ್ದರು. ಮಗು ನನ್ನನ್ನು ನೋಡಲೇ ಇಲ್ಲ. ಕಿಟಕಿಯ ಸರಳುಗಳ ಕಡೆ ನೋಡುತ್ತಿತ್ತು. ನಾನು ಜೋಡಿಸಿಕೊಂಡು ಬಂದಿದ್ದ ಕಾರಣಗಳೆಲ್ಲ ಸರದಿಯಲ್ಲಿ ನಿಂತಿದ್ದವು. ಅವು ಎಷ್ಟು ಸರಿಯಾಗಿದ್ದವು ಎಂಬುದು ಈಗಲೂ ನನಗೆ ನೆನಪಿದೆ.

"ಹೌದು ಮೇಡಂ" ಎಂದೆ. "ತುಂಬಾ ಚೆನ್ನಾಗಿ ಓದೋ ಹುಡುಗಿ."

ಅವರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅವಳ ಹೆಗಲು ಬೆಚ್ಚಿ ಮೇಲೆದ್ದು, ನಿಧಾನ ಇಳಿಯಿತು. ಅರ್ಧ ಗಂಟೆಯಲ್ಲಿ ದಾಖಲಾತಿ ಮುಗಿಯಿತು. ಮಧ್ಯಾಹ್ನದ ಬೆಲ್ಲಿನ ನಂತರ ತರಗತಿಗೆ ಹೋಗಲಿ ಎಂದರು.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳು ಆ ವರ್ಷ ಏಳನೇ ತರಗತಿ ಪಾಸಾದಳು. ಮರುವರ್ಷ ತಾಯಿ ತೀರಿಕೊಂಡರು. ಆಮೇಲೆ ಸೋದರಮಾವ ಅವಳನ್ನು ಹೆಂಡತಿಯ ಊರಿಗೆ ಕಳಿಸಿದರೆಂದು ಕೇಳಿದೆ. ಯಾವ ಊರೆಂದು ಯಾರೂ ಹೇಳಲಿಲ್ಲ. ನಮ್ಮ ಶಾಲೆಗೆ ಮಕ್ಕಳೆಲ್ಲ ಮರಳಿ ಬಂದರು, ನನ್ನ ಪೋಸ್ಟು ಉಳಿಯಿತು. ಅಧ್ಯಕ್ಷರ ಮೊಮ್ಮಗಳು ಆ ವರ್ಷ ಪೂರ್ತಿ ಮತ್ತೊಂದು ಅರ್ಜಿ ಬರೆಯಲಿಲ್ಲ. ಬರೆ ಎಂದು ನಾನೂ ಹೇಳಲಿಲ್ಲ.

ಆ ದಿನಕ್ಕೆ ಮರಳುತ್ತೇನೆ. ಬೆಲ್ಲಿಗೆ ಇನ್ನೂ ಹೊತ್ತಿತ್ತು. ತಾಯಿ ಕೊಳಾಯಿಯ ಕಡೆ ನೀರು ಕುಡಿಯಲು ಹೋದರು. ನಾವಿಬ್ಬರೂ ಜಗಲಿಯ ಅಂಚಿನಲ್ಲಿ ಕೂತೆವು.

"ಬೈಯ್ತೀರಾ ಮಿಸ್?" ಎಂದಳು.

"ಇಲ್ಲ."

"ಲಾರಿ ಓಡುಸ್ತಿದ್ದೋರು ಅಂದ್ರೆ ಎಲ್ರೂ ಅದನ್ನೇ ನಂಬ್ತಾರೆ. ಅದಕ್ಕೇ ಅಂದೆ." ಅಂಗಳದ ಕಡೆ ತಿರುಗಿದಳು. "ಕ್ಲಾಸಲ್ಲಿ ಮಕ್ಳು ಇನ್ನೂ ಕೇಳ್ತಾರೆ. ಎಲ್ಲಿ ಆಯ್ತು, ಎಂಗಾಯ್ತು ಅಂತ. ಏನೇಳ್ಲಿ?"

ಅಂಗಳದಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು.

"ಗುಂಡ್ಲುಪೇಟೆ ದಾಟಿ ಅನ್ನು" ಎಂದೆ. "ಘಟ್ಟದ ರಸ್ತೇಲಿ. ಊರೊಳಗೆ ಅಂದರೆ ಯಾರಾದರೂ ನೋಡಿದ್ದವರು ಇರಬಹುದು."

"ಎದುರುಗಡೆಯಿಂದ ಬಸ್ಸು ಬಂತು ಅನ್ಲಾ?"

"ಬಸ್ಸು ಬೇಡ. ಬಸ್ಸಾದರೆ ಜನ ಸಾಯಬೇಕು, ಪೇಪರಲ್ಲಿ ಬರಬೇಕು. ಇನ್ನೊಂದು ಲಾರಿ ಅನ್ನು."

ಅವಳು ತಲೆಯಾಡಿಸಿದಳು.

"ಜೋರು ಮಳೆ ಉಯ್ತಿತ್ತು" ಎಂದಳು.

"ದಸರೆ ರಜೇಲಿ ಮಳೆ ಬಂದಿತ್ತಾ? ಯಾರಿಗಾದರೂ ನೆನಪಿದ್ದರೆ?"

ಅವಳು ಯೋಚಿಸಿದಳು. ಹುಬ್ಬು ಗಂಟಿಕ್ಕಿತು. "ಮಂಜು" ಎಂದಳು. "ಘಟ್ಟದಲ್ಲಿ ಬೆಳಗಿನ ಜಾವ ಮಂಜು ಇರ್ತದೆ. ಅಪ್ಪನೇ ಏಳ್ತಿದ್ರು, ಮಂಜಲ್ಲಿ ಲೈಟು ಆಕುದ್ರೂ ಕಾಣಲ್ಲ ಅಂತ."

"ಹಾಗಾದರೆ ಅದನ್ನೇ ಹೇಳು."

"ಮಂಜಲ್ಲಿ ತಿರುವಲ್ಲಿ ಎದುರುಗಡೆ ಲಾರಿ ಬಂತು. ಅಪ್ಪಂಗೆ ಕಾಣ್ಲಿಲ್ಲ." ಮೆಲ್ಲಗೆ ಇನ್ನೊಮ್ಮೆ ಹೇಳಿ ನೋಡಿದಳು. "ನೋವಾಗ್ಲಿಲ್ಲ. ತಕ್ಷಣ ಓಗ್ಬುಟ್ರು. ಇದೂ ಏಳ್ಬೋದಾ ಮಿಸ್?"

"ಹೇಳಬಹುದು" ಎಂದೆ.

ಬೆಲ್ಲು ಹೊಡೆಯಿತು. ಅವಳು ಲಂಗದ ಮಣ್ಣು ಕೊಡವಿಕೊಂಡು ಎದ್ದಳು. ಏಳನೇ ತರಗತಿ ಎಲ್ಲಿ ಎಂದು ಯಾರನ್ನೂ ಕೇಳದೆ, ತುಟಿಗಳನ್ನು ಅಲ್ಲಾಡಿಸುತ್ತ, ಮಕ್ಕಳು ಹೋಗುತ್ತಿದ್ದ ಕಡೆ ಹೋದಳು.